ಫೈಲ್ ತೆರೆಯುವ ಕೆಲಸವನ್ನು ಮೂರು ತುಂಡು ಮಾಡಬಹುದಾ?

ಪ್ರಶ್ನೆ: ನಾವು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಕೊನೆ ವರ್ಷದಲ್ಲಿದ್ದೇವೆ. ಪ್ರಾಜೆಕ್ಟ್‌ಗೆ ಒಂದು ಸಣ್ಣ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಬರೆಯುತ್ತಿದ್ದೇವೆ. ಲಿನಕ್ಸ್‌ನಲ್ಲಿ ಫೈಲ್ ತೆರೆಯುವ ಓಪನ್ ನೋಡಿದರೆ ತಲೆ ಕೆಡುತ್ತದೆ. ಅದೇ ಹುಡುಕುತ್ತದೆ, ಅದೇ ಹೊಸ ಫೈಲ್ ಮಾಡುತ್ತದೆ, ಅದೇ ಇದ್ದದ್ದನ್ನು ಅಳಿಸುತ್ತದೆ. ಅದಕ್ಕೇ ನಾವು ಮೂರು ಸಿಸ್ಟಮ್ ಕಾಲ್ (ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕೋರಿಕೆ) ಮಾಡಿಕೊಂಡೆವು: ಹುಡುಕು, ಸೃಷ್ಟಿಸು, ತೆರೆ. ನೋಡೋಕೆ ಚೊಕ್ಕವಾಗಿದೆ. ಆದರೆ ನಮ್ಮ ಗೈಡ್ ಮೇಡಂ ‘ಇದು ನಡೆಯಲ್ಲ, ಯಾಕೆ ಅಂತ ನೀವೇ ಯೋಚಿಸಿ’ ಅಂದರು. ಡೆಮೊಗೆ ಚನ್ನಗಿರಿ ಕಡೆಯ ಅಡಿಕೆ ಮಂಡಿಯ ಲೆಕ್ಕ ಇಟ್ಟುಕೊಂಡಿದ್ದೇವೆ. ಒಂದೊಂದು ಅಂಗಡಿಗೆ ಒಂದೊಂದು ಫೋಲ್ಡರ್, ಒಳಗೆ ಬಿಲ್‌ಗಳು. ಒಂದು ಅಂಗಡಿಯವರು ಇನ್ನೊಂದು ಅಂಗಡಿಯ ಬಿಲ್ ತೆರೆಯಬಾರದು. ಚೊಕ್ಕವಾದ ಓಪನ್ ಹೇಗಿರಬೇಕು?

ಉತ್ತರ: ನಿಮ್ಮ ಮೇಡಂ ಹೇಳಿದ್ದು ಸರಿ. ಹಾಗಂತ ಓಪನ್ ಮೇಲಿನ ನಿಮ್ಮ ಸಿಟ್ಟೇನೂ ತಪ್ಪಲ್ಲ. ಅದು ನಿಜಕ್ಕೂ ಗೋಜಲು. ಐವತ್ತು ವರ್ಷಗಳ ತೇಪೆ ಅದರ ಮೇಲಿದೆ. ಆದರೆ ನೀವು ಕತ್ತರಿ ಹಾಕಿದ ಜಾಗ ಸರಿಯಿಲ್ಲ. ಓಪನ್‌ನಲ್ಲಿ ಕಲಸಿಹೋಗಿರುವುದು ಪ್ರಶ್ನೆಗಳು. ಫೈಲ್ ಎಲ್ಲಿದೆ? ಇದ್ದರೆ ಏನು, ಇಲ್ಲದಿದ್ದರೆ ಏನು? ಸಿಕ್ಕ ಮೇಲೆ ನನಗೆ ಯಾವ ಹಕ್ಕು ಬೇಕು? ಇವನ್ನು ಬೇರೆ ಬೇರೆಯಾಗಿ ಕೇಳಿ, ಅದರಿಂದ ಲಾಭವಿದೆ. ಆದರೆ ಎಲ್ಲ ಕೇಳಿಕೊಂಡ ಮೇಲೆ ಕರ್ನಲ್ ಕೆಲಸವನ್ನು ಒಂದೇ ಏಟಿಗೆ ಮುಗಿಸಬೇಕು. ನೀವು ಕೆಲಸವನ್ನೇ ಮೂರು ತುಂಡು ಮಾಡಿದ್ದೀರಿ. ಎರಡು ತುಂಡುಗಳ ನಡುವೆ ಬೇರೆ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ನುಗ್ಗುತ್ತದೆ.

ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಚನ್ನಗಿರಿ ಬಸ್ ಬಂದು ನಿಂತಾಗ ಏನು ಮಾಡುತ್ತೀರಿ? ಕಿಟಕಿಯಿಂದ ಸೀಟು ಖಾಲಿ ಇರೋದು ನೋಡಿ, ಬಾಗಿಲ ಕಡೆ ಸುತ್ತಿ ಹತ್ತುವಷ್ಟರಲ್ಲಿ ಅಲ್ಲಿ ಯಾರೋ ಕೂತಿರುತ್ತಾರೆ. ಅದಕ್ಕೇ ಜನ ಕಿಟಕಿಯಿಂದಲೇ ಟವೆಲ್ ಎಸೆಯುವುದು. ನೋಡಿದ್ದೂ ಹಿಡಿದದ್ದೂ ಒಂದೇ ಸಲ ಆಗಿಬಿಡುತ್ತದೆ. ನಿಮ್ಮ ‘ಹುಡುಕು’ ಬರೀ ಕಿಟಕಿಯಿಂದ ನೋಡುವ ಕೆಲಸ.

ಮಂಡಿ ಡೆಮೊದಲ್ಲೇ ನೋಡಿ. ಒಂದೇ ಅಂಗಡಿಯಲ್ಲಿ ಎರಡು ಕೌಂಟರ್. ಇಬ್ಬರು ಗುಮಾಸ್ತರೂ 112ನೇ ಬಿಲ್ ಮಾಡಲು ಹೊರಟಿದ್ದಾರೆ. ಮೊದಲನೆಯವರು ‘ಹುಡುಕು’ ಅಂದಾಗ ಇಲ್ಲ ಅಂತ ಬಂತು. ಎರಡನೆಯವರಿಗೂ ಇಲ್ಲ ಅಂತಲೇ ಬಂತು. ಈಗ ಇಬ್ಬರೂ ‘ಸೃಷ್ಟಿಸು’ ಅನ್ನುತ್ತಾರೆ. ನಿಮ್ಮ ‘ಸೃಷ್ಟಿಸು’ ಇರುವ ಫೈಲನ್ನು ಖಾಲಿ ಮಾಡುವಂಥದ್ದಾದರೆ ಒಬ್ಬ ರೈತನ ತೂಕ ಹೋಯಿತು. ಯಾವ ಎರರ್ ಕೂಡ ಬರುವುದಿಲ್ಲ.

ಲಿನಕ್ಸ್‌ಗೆ ಮಾದರಿಯಾದ ಹಳೆಯ ಯುನಿಕ್ಸ್ ಸರಿಯಾಗಿ ಇದೇ ತೊಂದರೆಯಲ್ಲಿತ್ತು. ಅಲ್ಲಿ ಓಪನ್ ಇದ್ದ ಫೈಲ್ ಮಾತ್ರ ತೆರೆಯುತ್ತಿತ್ತು. ಹೊಸದು ಮಾಡಲು ಕ್ರಿಯಟ್ ಎಂಬ ಬೇರೆ ಕಾಲ್. ಫೈಲ್ ಆಗಲೇ ಇದ್ದರೆ ಕ್ರಿಯಟ್ ಅದನ್ನು ಸೊನ್ನೆ ಬೈಟ್‌ಗೆ ಇಳಿಸಿಬಿಡುತ್ತಿತ್ತು. ಅಂದರೆ ನಿಮ್ಮ ವಿನ್ಯಾಸಕ್ಕೆ ಬಹಳ ಹತ್ತಿರ! ‘ಇಲ್ಲದಿದ್ದರೆ ಮಾತ್ರ ಮಾಡು’ ಅನ್ನಲು ದಾರಿಯೇ ಇರಲಿಲ್ಲ. ಲಾಕ್ ಫೈಲ್ ಬೇಕಾದವರು ಕಸರತ್ತು ಮಾಡುತ್ತಿದ್ದರು. ಯಾರಿಗೂ ಬರೆಯುವ ಅನುಮತಿ ಇಲ್ಲದಂತೆ ಫೈಲ್ ಮಾಡುವುದು ಒಂದು ಉಪಾಯ. ಎರಡನೆಯವರು ಕ್ರಿಯಟ್ ಮಾಡಿದಾಗ ಅನುಮತಿ ಇಲ್ಲ ಅಂತ ಸೋಲುತ್ತದೆ, ಅದನ್ನೇ ‘ಲಾಕ್ ಬೇರೆಯವರ ಹತ್ತಿರ ಇದೆ’ ಅಂತ ಓದಿಕೊಳ್ಳಬೇಕು. ರೂಟ್ ಬಳಕೆದಾರನಿಗೆ ಅನುಮತಿಯ ತಡೆ ಇಲ್ಲವಾದ್ದರಿಂದ ಅವನ ಮಟ್ಟಿಗೆ ಲಾಕ್ ಲಾಕೇ ಅಲ್ಲ. ಇನ್ನು ಕೆಲವರು ತಾತ್ಕಾಲಿಕ ಫೈಲ್ ಮಾಡಿ, ಲಿಂಕ್ ಕಾಲ್‌ನಿಂದ ಅದಕ್ಕೆ ಲಾಕ್‌ನ ಹೆಸರು ಕೊಡುತ್ತಿದ್ದರು, ಯಾಕೆಂದರೆ ಹೆಸರು ಆಗಲೇ ಇದ್ದರೆ ಲಿಂಕ್ ಖಂಡಿತ ಸೋಲುತ್ತದೆ. 1980ರ ದಶಕದ ಮೊದಲ ವರ್ಷಗಳಲ್ಲಿ ಓ_ಕ್ರಿಯಟ್, ಓ_ಎಕ್ಸ್‌ಕ್ಲ್ ಎಂಬ ಫ್ಲ್ಯಾಗ್‌ಗಳು (ಕಾಲ್ ಜೊತೆ ಕೊಡುವ ಆಯ್ಕೆಯ ಬಿಟ್‌ಗಳು) ಓಪನ್‌ಗೇ ಸೇರಿದವು. ಎರಡನ್ನೂ ಒಟ್ಟಿಗೆ ಕೊಟ್ಟರೆ, ಇಲ್ಲದಿದ್ದರೆ ಮಾಡುತ್ತದೆ, ಇದ್ದರೆ ಸೋಲುತ್ತದೆ. ನೀವು ಗೋಜಲು ಅನ್ನುತ್ತಿರುವ ಓಪನ್ ಹುಟ್ಟಿದ್ದು ಹೀಗೆ. ಬೇರೆ ಬೇರೆ ಇದ್ದದ್ದನ್ನು ಬೇಕಂತಲೇ ಒಂದು ಮಾಡಿದರು.

‘ನಮ್ಮ ಸೃಷ್ಟಿಸು ಇದ್ದ ಫೈಲನ್ನು ಮುಟ್ಟಲ್ಲ, ಸೋಲುತ್ತದೆ’ ಅಂತ ನೀವು ಅನ್ನಬಹುದು. ಒಳ್ಳೆಯದು, ಅರ್ಧ ಗೆದ್ದಿರಿ. ಉಳಿದರ್ಧಕ್ಕೆ ಒಂದು ಸಣ್ಣ ಪರೀಕ್ಷೆ ಇದೆ. ಬಿಲ್ ಒಮ್ಮೆ ಬರೆದ ಮೇಲೆ ಯಾರೂ ತಿದ್ದಬಾರದು, ಅಲ್ವಾ? ಹಾಗಾಗಿ ಅದರ ಅನುಮತಿ 0444 ಇರಬೇಕು: ಎಲ್ಲರೂ ಓದಬಹುದು, ಯಾರೂ ಬರೆಯುವಂತಿಲ್ಲ. ನಿಮ್ಮ ಕರ್ನಲ್‌ನಲ್ಲಿ ಹೀಗೆ ಮಾಡಿ ನೋಡಿ. ‘ಸೃಷ್ಟಿಸು’ 0444 ಬಿಲ್ ಮಾಡುತ್ತದೆ. ಆಮೇಲೆ ‘ತೆರೆ, ಬರೆಯಲು’ ಅನ್ನಿ. ಅನುಮತಿ ಇಲ್ಲ! ಮಾಡಿದವರೇ ಮೊದಲ ಸಾಲು ಬರೆಯಲಾರರು. ಸರಿ, ಮೊದಲು 0644ರಲ್ಲಿ (ಮಾಲೀಕರು ಬರೆಯಬಹುದು) ಮಾಡಿ, ಬರೆದು, ಆಮೇಲೆ 0444ಕ್ಕೆ ಇಳಿಸುತ್ತೇವೆ ಅಂದರೆ, ನಡುವಿನ ಹೊತ್ತಿನಲ್ಲಿ ಅದೇ ಖಾತೆಯ ಬೇರೆ ಪ್ರೋಗ್ರಾಂ ಬರೆಯಲು ತೆರೆದು ಕೂರಬಹುದು. ಅನುಮತಿ ಇಳಿಸಿದರೂ ಅದರ ಕೈಯಲ್ಲಿರುವ ಡಿಸ್ಕ್ರಿಪ್ಟರ್ (ತೆರೆದ ಫೈಲಿಗೆ ಕರ್ನಲ್ ಕೊಡುವ ಸಂಖ್ಯೆ) ಹೋಗುವುದಿಲ್ಲ.

ಯುನಿಕ್ಸ್ ಥರದ ಸಿಸ್ಟಮ್‌ಗಳ ಸ್ಟ್ಯಾಂಡರ್ಡ್ ಆದ ಪಾಸಿಕ್ಸ್‌ನಲ್ಲಿ ಇದಕ್ಕೆ ಉತ್ತರ ಇದೆ. ಸೃಷ್ಟಿಸುವ ಓಪನ್‌ನಲ್ಲಿ ಕೊಟ್ಟ ಅನುಮತಿ ಮುಂದೆ ತೆರೆಯುವವರಿಗೆ ಲಾಗೂ. ಆ ಕಾಲ್‌ನಿಂದಲೇ ಸಿಕ್ಕ ಡಿಸ್ಕ್ರಿಪ್ಟರ್‌ಗೆ ಅದು ತಟ್ಟುವುದಿಲ್ಲ. ಹಾಗಾಗಿ 0444 ಫೈಲನ್ನು ಹುಟ್ಟುವಾಗಲೇ ಬರೆಯುವ ಹಕ್ಕಿನೊಂದಿಗೆ ಪಡೆಯಬಹುದು. ಕೋಡ್‌ನ ಆವೃತ್ತಿಗಳನ್ನು ಇಡುವ ಗಿಟ್ ತನ್ನ ಆಬ್ಜೆಕ್ಟ್ ಫೈಲ್‌ಗಳನ್ನು ಓದಲು ಮಾತ್ರ ಅಂತ ಇಡುವುದು ಈ ಅನುಕೂಲದಿಂದಲೇ. ‘ಸೃಷ್ಟಿಸು’, ‘ತೆರೆ’ ಬೇರೆಯಾದರೆ ಈ ಮಾತನ್ನು ಹೇಳಲು ಜಾಗವೇ ಇರುವುದಿಲ್ಲ. ನನಗೆ ಕೇಳಿದರೆ ನಿಮ್ಮ ಮೂರು ಕಾಲ್ ವಿನ್ಯಾಸದ ವಿರುದ್ಧ ಇದಕ್ಕಿಂತ ಗಟ್ಟಿ ವಾದ ಇನ್ನೊಂದಿಲ್ಲ. ಇಬ್ಬರು ಒಟ್ಟಿಗೆ ನುಗ್ಗುವ ರೇಸ್ ಆಗಿದ್ದರೆ ‘ಅಪರೂಪಕ್ಕೆ ಆಗುತ್ತೆ ಬಿಡಿ’ ಅಂತ ವೈವಾದಲ್ಲಿ ತಪ್ಪಿಸಿಕೊಳ್ಳಬಹುದು. ಇದು ಪ್ರತಿ ಸಲ ಸೋಲುತ್ತದೆ.

ಇನ್ನೊಂದು ಕಡೆಯಿಂದಲೂ ಇದೇ ಪಾಠ ಬಂದಿದೆ. ಲಿನಕ್ಸ್‌ನ ಹೊರಗಿನ ಓಪನ್ ಒಂದೇ ಆದರೂ, ಕರ್ನಲ್ ಒಳಗೆ ಫೈಲ್ ಸಿಸ್ಟಮ್‌ಗಳ ಜೊತೆ ಅದು ಮಾತಾಡುತ್ತಿದ್ದದ್ದು ನಿಮ್ಮ ಹಾಗೆಯೇ: ಮೊದಲು ಲುಕಪ್, ಆಮೇಲೆ ಕ್ರಿಯೇಟ್, ಕೊನೆಗೆ ಓಪನ್. ಡಿಸ್ಕ್ ಇದೇ ಮಷೀನ್‌ನಲ್ಲಿದ್ದರೆ ತೊಂದರೆ ಇಲ್ಲ. ಡೈರೆಕ್ಟರಿಗೆ (ಫೋಲ್ಡರ್‌ಗೆ) ಲಾಕ್ ಹಾಕಿಕೊಂಡು ನಡುವೆ ಯಾರೂ ಬರದಂತೆ ನೋಡಿಕೊಳ್ಳಬಹುದು. ನೆಟ್‌ವರ್ಕ್ ಮೇಲಿನ ಫೈಲ್ ಸಿಸ್ಟಮ್ ಆದ ಎನ್‌ಎಫ್‌ಎಸ್‌ನಲ್ಲಿ ಫೈಲ್ ಇರುವುದು ಬೇರೆ ಮಷೀನ್‌ನಲ್ಲಿ. ನಿಮ್ಮ ಲಾಕ್ ಅಲ್ಲಿಗೆ ಮುಟ್ಟುವುದಿಲ್ಲ. ಮೂರು ಸಲ ನೆಟ್‌ವರ್ಕ್ ಓಡಾಟ, ಪ್ರತಿ ಓಡಾಟದ ನಡುವೆ ಬೇರೆ ಮಷೀನ್‌ನವರು ನುಗ್ಗಬಹುದು. ಎನ್‌ಎಫ್‌ಎಸ್‌ನ 4ನೇ ಆವೃತ್ತಿಯಲ್ಲಿ ಹುಡುಕಿ, ಮಾಡಿ, ತೆರೆಯುವ ಒಂದೇ ಓಪನ್ ಕೋರಿಕೆ ಬಂತು. ಆದರೆ ಕರ್ನಲ್ ಮೂರು ತುಂಡಿನಲ್ಲಿ ಕೇಳುತ್ತಿದ್ದರೆ ಅದನ್ನು ಬಳಸುವುದು ಹೇಗೆ? ಮೊದಲಿಗೆ ಲುಕಪ್ ಜೊತೆಗೇ ‘ಮುಂದೆ ಇವರು ಫೈಲ್ ಮಾಡೋಕೆ ಹೊರಟಿದ್ದಾರೆ’ ಅಂತ ಒಂದು ಸೂಚನೆ ಅಂಟಿಸಿ ಕಳಿಸುತ್ತಿದ್ದರು. ಅದನ್ನು ಇಂಟೆಂಟ್ ಅನ್ನುತ್ತಿದ್ದರು. ಫೈಲ್ ಸಿಸ್ಟಮ್ ಲುಕಪ್ ಮಾಡುವ ನೆಪದಲ್ಲಿ ಫೈಲನ್ನೇ ತೆರೆದಿಟ್ಟು ಸುಮ್ನೆ ಇರುತ್ತಿತ್ತು, ಓಪನ್ ಬಂದಾಗ ಅದನ್ನು ಕೊಡುತ್ತಿತ್ತು. ನೋಡಿದವರಿಗೆ ಅರ್ಥವಾಗದ ಕೋಡ್. 2012ರಲ್ಲಿ ಬಂದ ಲಿನಕ್ಸ್‌ನ 3.6ನೇ ಆವೃತ್ತಿಯಲ್ಲಿ ಅದನ್ನು ಕಿತ್ತು, ಅಟಾಮಿಕ್_ಓಪನ್ ಎಂಬ ಒಂದೇ ದಾರಿ ಇಟ್ಟರು. ಫೈಲಿನ ದಾರಿಯ (ಪಾತ್) ಕೊನೆಯ ಹೆಸರಿಗೆ ಬಂದಾಗ ಕರ್ನಲ್ ಫೈಲ್ ಸಿಸ್ಟಮ್‌ಗೆ ಎಲ್ಲವನ್ನೂ ಒಟ್ಟಿಗೆ ಹೇಳುತ್ತದೆ: ಈ ಡೈರೆಕ್ಟರಿ, ಈ ಹೆಸರು, ಈ ಫ್ಲ್ಯಾಗ್, ಈ ಅನುಮತಿ. ಬೇಕಾದರೆ ತೆರೆದೇ ಕೊಡು, ಆಗದಿದ್ದರೆ ಹುಡುಕಿದ್ದನ್ನು ಮಾತ್ರ ಕೊಡು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ.

‘ಕೊನೆಯ ಹೆಸರಿಗೆ ಬಂದಾಗ’ ಎಂಬುದನ್ನು ಗಮನಿಸಿ. ದಾರಿಯಲ್ಲಿ ನಡೆಯುವುದನ್ನು ತುಂಡು ಮಾಡಿದರೆ ಏನೂ ತೊಂದರೆ ಇಲ್ಲ. ಅಂಗಡಿಯ ಫೋಲ್ಡರ್‌ವರೆಗೆ ಹೋಗಿ ಅದರ ಹ್ಯಾಂಡಲ್ (ಡಿಸ್ಕ್ರಿಪ್ಟರ್) ಹಿಡಿದುಕೊಳ್ಳಿ, ಆಮೇಲೆ ಆ ಹ್ಯಾಂಡಲ್ ಆಧಾರದ ಮೇಲೆ ಬಿಲ್ ತೆರೆಯಿರಿ. ಫೋಲ್ಡರ್‌ನ ಹೆಸರು ನಡುವೆ ಬದಲಾದರೂ ನಿಮ್ಮ ಕೈಯಲ್ಲಿರುವುದು ಅದೇ ಫೋಲ್ಡರ್. ಹಾಗಾಗಿ ನಿಮ್ಮ ‘ಹುಡುಕು’ ಕಾಲನ್ನು ಎಸೆಯಬೇಡಿ. ಅದು ಡೈರೆಕ್ಟರಿಯ ಹ್ಯಾಂಡಲ್ ಕೊಡುವಂತೆ ಇಟ್ಟುಕೊಳ್ಳಿ. ‘ಇದೆ, ಇಲ್ಲ’ ಅಂತ ಉತ್ತರ ಹೇಳುವ ಕೆಲಸ ಮಾತ್ರ ಅದಕ್ಕೆ ಬೇಡ, ಯಾಕೆಂದರೆ ಆ ಉತ್ತರ ನಿಮ್ಮ ಕೈಗೆ ಬರುವಷ್ಟರಲ್ಲಿ ಹಳತಾಗಿರುತ್ತದೆ.

ಈಗ ಬಿಡಿಸಬೇಕಾದ್ದಕ್ಕೆ ಬರೋಣ. ಲಿನಕ್ಸ್ ಓಪನ್‌ನ ಫ್ಲ್ಯಾಗ್‌ಗಳಲ್ಲಿ ನಾಲ್ಕೈದು ಜಾತಿಯ ಮಾತು ಒಂದೇ ಸಂಖ್ಯೆಯಲ್ಲಿ ಕೂತಿವೆ. ಕೆಳಗಿನ ಎರಡು ಬಿಟ್‌ಗಳು ಬಿಟ್‌ಗಳೇ ಅಲ್ಲ, ಅವು ಒಂದು ಸಣ್ಣ ಸಂಖ್ಯೆ. ಓದಲು 0, ಬರೆಯಲು 1, ಎರಡಕ್ಕೂ 2. ಓದುವ ಫ್ಲ್ಯಾಗ್ ಸೊನ್ನೆ ಆದ್ದರಿಂದ ‘ಓದುವ ಬಿಟ್ ಹಾಕಿದ್ದಾರಾ’ ಅಂತ ನೋಡಲು ಆಗುವುದೇ ಇಲ್ಲ. ಕರ್ನಲ್ ಒಳಗೆ ಇದಕ್ಕೆ ಒಂದು ತಮಾಷೆಯ ಪರಿಹಾರ ಇದೆ: ಒಂದು ಕೂಡಿಸುವುದು. 0, 1, 2 ಹೋಗಿ 1, 2, 3 ಆಗುತ್ತವೆ, ಆಗ ಅವು ನಿಜವಾದ ಬಿಟ್‌ಗಳು. ಹಾಗಾದರೆ ಬಳಕೆದಾರ 3 ಕೊಟ್ಟರೆ? ಲಿನಕ್ಸ್‌ನಲ್ಲಿ ಅದಕ್ಕೂ ಅರ್ಥವಿದೆ. ಓದುವ, ಬರೆಯುವ ಎರಡೂ ಅನುಮತಿ ಇದೆಯಾ ಅಂತ ನೋಡುತ್ತದೆ, ಆದರೆ ಓದಲೂ ಬರೆಯಲೂ ಬಾರದ ಡಿಸ್ಕ್ರಿಪ್ಟರ್ ಕೊಡುತ್ತದೆ. ಸಾಧನಕ್ಕೆ ಆದೇಶ ಕೊಡುವ ಐಆಕ್ಟಲ್ ಕಾಲ್‌ಗೆ ಮಾತ್ರ ಬಳಸಲು ಅಂತ ಕೆಲವು ಡ್ರೈವರ್‌ಗಳ ಕಾಲದಿಂದ ಉಳಿದದ್ದು. ನೀವು ಹೊಸದಾಗಿ ಬರೆಯುತ್ತಿದ್ದೀರಿ. ಓದಲು ಒಂದು ಬಿಟ್, ಬರೆಯಲು ಒಂದು, ಕೊನೆಗೆ ಸೇರಿಸಲು ಮಾತ್ರ ಅಂತ ಒಂದು. ಸೊನ್ನೆ ಅಂದರೆ ಯಾವ ಹಕ್ಕೂ ಇಲ್ಲ.

ಇದ್ದರೆ ಏನು, ಇಲ್ಲದಿದ್ದರೆ ಏನು ಎಂಬುದನ್ನು ಫ್ಲ್ಯಾಗ್‌ಗಳ ಗುಂಪಿನಿಂದ ಪೂರ್ತಿ ಹೊರಗೆ ತೆಗೆಯಿರಿ. ಇದರಲ್ಲಿ ನಾನು ವಿಂಡೋಸ್ ಎನ್‌ಟಿ ಪಕ್ಷ. ಅದರ ಎನ್‌ಟಿಕ್ರಿಯೇಟ್‌ಫೈಲ್‌ಗೆ 11 ಪ್ಯಾರಾಮೀಟರ್, ನೋಡಿದರೆ ಹೆದರಿಕೆ ಆಗುತ್ತದೆ, ನಿಜ. ಆದರೆ ಅದರೊಳಗೆ ಡಿಸ್ಪೊಸಿಷನ್ ಅಂತ ಒಂದು ಪ್ರತ್ಯೇಕ ಸಂಖ್ಯೆ ಇದೆ. ಇರುವುದನ್ನು ಮಾತ್ರ ತೆರೆ, ಹೊಸದು ಮಾತ್ರ ಮಾಡು, ಇದ್ದರೆ ತೆರೆ ಇಲ್ಲದಿದ್ದರೆ ಮಾಡು, ಇದ್ದದ್ದನ್ನು ಮಾತ್ರ ಖಾಲಿ ಮಾಡಿ ತೆರೆ, ಹೀಗೆ ಆರು ಆಯ್ಕೆ. ಒಂದನ್ನು ಆರಿಸಲೇಬೇಕು. ಅರ್ಥವಿಲ್ಲದ ಜೋಡಿ ಹುಟ್ಟುವುದೇ ಇಲ್ಲ. ಯುನಿಕ್ಸ್ ಕಡೆ ನೋಡಿ: ಓ_ಕ್ರಿಯಟ್ ಇಲ್ಲದೆ ಬರೀ ಓ_ಎಕ್ಸ್‌ಕ್ಲ್ ಕೊಟ್ಟರೆ ಏನಾಗಬೇಕು ಅಂತ ಪಾಸಿಕ್ಸ್ ಹೇಳುವುದಿಲ್ಲ. ಓದಲು ತೆರೆದು ಜೊತೆಗೆ ಖಾಲಿ ಮಾಡು ಅಂದರೂ ಅಷ್ಟೇ, ಒಂದೊಂದು ಸಿಸ್ಟಮ್ ಒಂದೊಂದು ಥರ.

ಎನ್‌ಟಿ ಇನ್ನೊಂದು ಒಳ್ಳೆಯ ಕೆಲಸ ಮಾಡುತ್ತದೆ, ಇದನ್ನು ಯಾರೂ ಹೊಗಳುವುದಿಲ್ಲ. ಕೆಲಸ ಮುಗಿದ ಮೇಲೆ ‘ನಾನು ಹೊಸದು ಮಾಡಿದೆ’ ಅಥವಾ ‘ಇದ್ದದ್ದನ್ನು ತೆರೆದೆ’ ಅಂತ ತಿರುಗಿ ಹೇಳುತ್ತದೆ. ಲಿನಕ್ಸ್‌ನಲ್ಲಿ ಬರೀ ಓ_ಕ್ರಿಯಟ್ ಕೊಟ್ಟರೆ ಫೈಲ್ ನೀವು ಮಾಡಿದ್ದೋ ಮೊದಲೇ ಇದ್ದದ್ದೋ ಅಂತ ಗೊತ್ತಾಗುವುದಿಲ್ಲ. ನಿಮ್ಮ ಮಂಡಿಯ ದಿನದ ಖಾತೆ ಫೈಲ್‌ಗೆ ಇದು ಬೇಕೇ ಬೇಕು. ಹೊಸದಾದರೆ ಮೇಲೆ ಅಂಗಡಿ ಹೆಸರು, ತಾರೀಕು ಬರೆಯಬೇಕು. ಇದ್ದದ್ದಾದರೆ ನೇರ ಮುಂದಿನ ಸಾಲು. ಡಿಸ್ಕ್ರಿಪ್ಟರ್ ಜೊತೆ ಈ ಒಂದು ಬಿಟ್ ಕೊಟ್ಟುಬಿಡಿ. ಕರ್ನಲ್‌ಗೆ ಅದು ಗೊತ್ತೇ ಇರುತ್ತದೆ, ಹೇಳಲು ಏನು ಖರ್ಚು?

ಅನುಮತಿಯ ಸಂಖ್ಯೆ, ಆ 0444, ಯುನಿಕ್ಸ್‌ನಲ್ಲಿ ಬೇಕಾದರೆ ಕೊಡುವ ಮೂರನೇ ಆರ್ಗ್ಯುಮೆಂಟ್. ಓ_ಕ್ರಿಯಟ್ ಹಾಕಿ ಅದನ್ನು ಮರೆತರೆ ಆ ಜಾಗದಲ್ಲಿ ಏನು ಕಸ ಇತ್ತೋ ಅದೇ ಅನುಮತಿ. ಸಿ ಲೈಬ್ರರಿಗಳು ಈಗ ಕಂಪೈಲ್ ಮಾಡುವಾಗಲೇ ಇದನ್ನು ಹಿಡಿಯಲು ನೋಡುತ್ತವೆ. ನಿಮ್ಮಲ್ಲಿ ಈ ಗೋಳು ಬೇಡ. ಎಲ್ಲವನ್ನೂ ಒಂದು ಸ್ಟ್ರಕ್ಟ್‌ನಲ್ಲಿ (ಹಲವು ಮನೆಗಳ ಒಂದು ಪೆಟ್ಟಿಗೆ) ಕೊಡಿಸಿ.

ಇನ್ನು ಗೊತ್ತಿಲ್ಲದ್ದಕ್ಕೆ ‘ಇಲ್ಲ’ ಅನ್ನುವುದು. ಇದನ್ನು ಮೊದಲ ದಿನವೇ ಮಾಡದಿದ್ದರೆ ಆಮೇಲೆ ಮಾಡಲಾಗುವುದಿಲ್ಲ, ಅದಕ್ಕೇ ಸ್ವಲ್ಪ ಉದ್ದ ಹೇಳುತ್ತೇನೆ. ಲಿನಕ್ಸ್‌ನ ಓಪನ್ ತನಗೆ ಗೊತ್ತಿಲ್ಲದ ಬಿಟ್ ಕಂಡರೆ ಎರರ್ ಕೊಡದೆ ಹಾಗೇ ಬಿಟ್ಟುಬಿಡುತ್ತದೆ. ಮೊದಲಿಗೆ ಇದು ಉದಾರತನ ಅನ್ನಿಸುತ್ತದೆ. ಫಲ ಏನಾಯಿತು ನೋಡಿ. 2007ರಲ್ಲಿ ಲಿನಕ್ಸ್ 2.6.23ರಲ್ಲಿ ಓ_ಕ್ಲೋಎಕ್ಸೆಕ್ ಬಂತು, ಬೇರೆ ಪ್ರೋಗ್ರಾಂ ಶುರುವಾದಾಗ ಈ ಡಿಸ್ಕ್ರಿಪ್ಟರ್ ಅದಕ್ಕೆ ದಾಟಬಾರದು ಅಂತ. ಹಳೆಯ ಕರ್ನಲ್‌ನಲ್ಲಿ ಅದನ್ನು ಕೊಟ್ಟರೆ ಓಪನ್ ಖುಷಿಯಾಗಿ ಗೆಲ್ಲುತ್ತಿತ್ತು, ರಕ್ಷಣೆ ಮಾತ್ರ ಇಲ್ಲ. ಹಾಗಾಗಿ ಲೈಬ್ರರಿಗಳು ತೆರೆದ ಮೇಲೆ ‘ನಿಜವಾಗಲೂ ಹಾಕಿದೆಯಾ’ ಅಂತ ಮತ್ತೆ ಕೇಳಿ ನೋಡಬೇಕಾಗಿತ್ತು.

2013ರಲ್ಲಿ 3.11ಕ್ಕೆ ಓ_ಟೆಂಪ್‌ಫೈಲ್ ಬಂದಾಗ ಇನ್ನೂ ಕಷ್ಟ. ಡೈರೆಕ್ಟರಿಯ ಹೆಸರು ಕೊಟ್ಟು, ಅದರಲ್ಲಿ ಹೆಸರಿಲ್ಲದ ತಾತ್ಕಾಲಿಕ ಫೈಲ್ ಮಾಡಿಸಿಕೊಳ್ಳುವ ಫ್ಲ್ಯಾಗ್ ಅದು. ಹಳೆಯ ಕರ್ನಲ್ ಹೊಸ ಬಿಟ್ ನೋಡದೆ ಬೇರೇನೋ ಮಾಡಿಬಿಟ್ಟರೆ? ಅದಕ್ಕೆ ಅವರು ಹೊಸ ಬಿಟ್ ಜೊತೆಗೆ ಹಳೆಯ ಓ_ಡೈರೆಕ್ಟರಿ ಬಿಟ್ಟನ್ನೂ ಸೇರಿಸಿ, ಬರೆಯುವ ಹಕ್ಕು ಕಡ್ಡಾಯ ಮಾಡಿದರು. ಹಳೆಯ ಕರ್ನಲ್‌ಗೆ ಅದು ‘ಡೈರೆಕ್ಟರಿಯನ್ನು ಬರೆಯಲು ತೆರೆ’ ಅಂತ ಕಾಣುತ್ತದೆ, ಅದು ಯಾವತ್ತೂ ಆಗದ ಮಾತು, ಹಾಗಾಗಿ ಎರರ್ ಬರುತ್ತದೆ. ಬುದ್ಧಿವಂತಿಕೆ ಮೆಚ್ಚಬೇಕು. ಆದರೆ ಒಂದು ಇಂಟರ್‌ಫೇಸ್‌ಗೆ ಹೊಸ ಮಾತು ಸೇರಿಸಲು ಇಷ್ಟು ಚಾಣಾಕ್ಷತನ ಬೇಕಾದರೆ ಅದರಲ್ಲಿ ಏನೋ ಕೆಟ್ಟಿದೆ ಅಂತಲೇ ಅರ್ಥ.

ಓ_ಡೈರೆಕ್ಟರಿ ಮತ್ತು ಓ_ಕ್ರಿಯಟ್ ಒಟ್ಟಿಗೆ ಕೊಟ್ಟರೆ ಏನಾಗುತ್ತಿತ್ತು ಗೊತ್ತಾ? ಡೈರೆಕ್ಟರಿ ಕೇಳಿದವರಿಗೆ ಮಾಮೂಲಿ ಫೈಲ್ ಮಾಡಿ ಕೊಡುತ್ತಿತ್ತು. 5.7ರಿಂದ ಅದು ಫೈಲನ್ನೂ ಮಾಡಿ, ಜೊತೆಗೆ ‘ಇದು ಡೈರೆಕ್ಟರಿ ಅಲ್ಲ’ ಅಂತ ಎರರ್ ಕೂಡ ಕೊಡಲು ಶುರು ಮಾಡಿತು. 2023ರಲ್ಲಿ 6.4ಕ್ಕೆ ಬಂದಾಗ ಈ ಜೋಡಿಯನ್ನೇ ತಿರಸ್ಕರಿಸಿದರು. ಎಲ್ಲ ಕಡೆ ಬಳಸುವ ಓಪನ್‌ನಲ್ಲಿ ಇಂಥ ಬದಲಾವಣೆ ಮಾಡಲು ಬಹಳ ಧೈರ್ಯ ಬೇಕು, ಯಾಕೆಂದರೆ ಎಲ್ಲೋ ಯಾವುದೋ ಪ್ರೋಗ್ರಾಂ ತಿಳಿಯದೆ ಕಸದ ಬಿಟ್ ಕೊಡುತ್ತಿರುತ್ತದೆ. ಇವತ್ತು ಎರರ್ ಕೊಟ್ಟರೆ ನಾಳೆ ಅದು ಒಡೆಯುತ್ತದೆ. ನಿಮ್ಮ ಕರ್ನಲ್‌ಗೆ ಇನ್ನೂ ಬಳಕೆದಾರರಿಲ್ಲ. ಅದೇ ನಿಮ್ಮ ಭಾಗ್ಯ. ಗೊತ್ತಿಲ್ಲದ ಬಿಟ್ ಬಂದರೆ, ಅರ್ಥವಿಲ್ಲದ ಜೋಡಿ ಬಂದರೆ, ಹೊಸ ಫೈಲ್ ಮಾಡದಿರುವಾಗ ಅನುಮತಿಯ ಸಂಖ್ಯೆ ಬಂದರೆ, ಎಲ್ಲಕ್ಕೂ ಈಇನ್ವಾಲ್ (‘ತಪ್ಪು ಆರ್ಗ್ಯುಮೆಂಟ್’ ಎಂಬ ಎರರ್) ಕೊಡಿ.

2020ರ ಮಾರ್ಚ್‌ನಲ್ಲಿ ಲಿನಕ್ಸ್ 5.6ರಲ್ಲಿ ಬಂದ ಓಪನ್‌ಅಟ್2 ಇದನ್ನೇ ಮಾಡುತ್ತದೆ. ಅಲೆಕ್ಸಾ ಸರಾಯ್ ಅದನ್ನು ಬರೆದವರು. ಅದರ ಸ್ಟ್ರಕ್ಟ್‌ನಲ್ಲಿ 64 ಬಿಟ್‌ನ ಮೂರೇ ಮನೆ: ಫ್ಲ್ಯಾಗ್, ಅನುಮತಿ, ದಾರಿ ಹೇಗೆ ನಡೆಯಬೇಕು ಎಂಬ ನಿಯಮ. ಒಟ್ಟು 24 ಬೈಟ್. ಸ್ಟ್ರಕ್ಟ್ ಎಷ್ಟು ದೊಡ್ಡದು ಅಂತಲೂ ಜೊತೆಗೆ ಹೇಳಬೇಕು. ಮುಂದೆ ನಾಲ್ಕನೇ ಮನೆ ಸೇರಿದರೆ ಹಳೆಯ ಪ್ರೋಗ್ರಾಂ ಚಿಕ್ಕ ಸ್ಟ್ರಕ್ಟ್ ಕೊಡುತ್ತದೆ, ಕರ್ನಲ್ ಉಳಿದದ್ದನ್ನು ಸೊನ್ನೆ ಅಂತ ತುಂಬಿಕೊಳ್ಳುತ್ತದೆ. ಹೊಸ ಪ್ರೋಗ್ರಾಂ ಹಳೆಯ ಕರ್ನಲ್‌ಗೆ ದೊಡ್ಡ ಸ್ಟ್ರಕ್ಟ್ ಕೊಟ್ಟರೆ, ಹೆಚ್ಚಿನ ಬೈಟ್‌ಗಳೆಲ್ಲ ಸೊನ್ನೆ ಇದ್ದರೆ ಸರಿ, ಇಲ್ಲದಿದ್ದರೆ ಈ2ಬಿಗ್ ಎರರ್. ಈ ಉಪಾಯವನ್ನು ಕಣ್ಣು ಮುಚ್ಚಿ ನಕಲು ಹೊಡೆಯಿರಿ. ಒಂದೇ ಷರತ್ತು: ಪ್ರತಿ ಹೊಸ ಮನೆಯಲ್ಲೂ ಸೊನ್ನೆ ಅಂದರೆ ‘ಮೊದಲಿನ ಹಾಗೇ’ ಅಂತಲೇ ಇರಬೇಕು.

ಇದಕ್ಕೊಂದು ಬೆಲೆ ಇದೆ, ಅದನ್ನೂ ಹೇಳಬೇಕು. ಯಾವ ಕಾಲ್ ಮಾಡಬಹುದು ಅಂತ ತಡೆ ಹಾಕುವ ಲಿನಕ್ಸ್‌ನ ಸೆಕ್‌ಕಾಂಪ್ ಫಿಲ್ಟರ್‌ಗಳು ಸಿಸ್ಟಮ್ ಕಾಲ್‌ನ ಆರ್ಗ್ಯುಮೆಂಟ್‌ಗಳನ್ನು ನೋಡಬಲ್ಲವು, ಪಾಯಿಂಟರ್ ಹಿಡಿದು ಒಳಗೆ ಇಣುಕಲಾರವು. ಫ್ಲ್ಯಾಗ್‌ಗಳು ಸ್ಟ್ರಕ್ಟ್ ಒಳಗೆ ಹೋದರೆ ‘ಬರೆಯಲು ತೆರೆಯುವುದನ್ನು ಮಾತ್ರ ತಡೆ’ ಅಂತ ಫಿಲ್ಟರ್ ಬರೆಯಲಾಗದು. ನಿಮ್ಮ ಕರ್ನಲ್‌ನಲ್ಲಿ ಅಂಥ ಫಿಲ್ಟರ್ ಇಲ್ಲ, ಹಾಗಾಗಿ ಚಿಂತೆ ಬೇಡ. ವೈವಾದಲ್ಲಿ ಯಾರಾದರೂ ಕೇಳಿದರೆ ಉತ್ತರ ಗೊತ್ತಿರಲಿ.

ಈಗ ಅಂಗಡಿಗಳ ಗಡಿ. ನಿಮ್ಮ ಸರ್ವರ್ ‘/ಮಂಡಿ/ಅಂಗಡಿ-7’ ಅಂತ ಶುರುಮಾಡಿ, ಬಳಕೆದಾರ ಕೊಟ್ಟ ಹೆಸರು ಅಂಟಿಸಿ ತೆರೆಯುತ್ತದೆ ಅಂದುಕೊಳ್ಳುತ್ತೇನೆ. ಅವನು ‘../ಅಂಗಡಿ-8/ಬಿಲ್-40’ ಅಂತ ಕೊಟ್ಟರೆ ಪಕ್ಕದ ಅಂಗಡಿಗೆ ಹೋದಂತೆ, ಯಾಕೆಂದರೆ ‘..’ ಅಂದರೆ ಮೇಲಿನ ಫೋಲ್ಡರ್. ‘..’ ಇದ್ದರೆ ತಿರಸ್ಕರಿಸುತ್ತೇವೆ ಅನ್ನುವಿರಿ. ಸಿಮ್‌ಲಿಂಕ್? ಫೋಲ್ಡರ್ ಒಳಗೆ ‘ಹಳೆಯದು’ ಅಂತ ಒಂದು ಲಿಂಕ್ ಇದ್ದು, ಅದು ಅಂಗಡಿ-8ಕ್ಕೆ ತೋರಿಸುತ್ತಿದ್ದರೆ? ಹೆಸರಿನಲ್ಲಿ ಚುಕ್ಕಿಯೇ ಇಲ್ಲ. ಮೊದಲು ಪೂರ್ತಿ ದಾರಿ ಬಿಡಿಸಿ, ಒಳಗೇ ಇದೆ ಅಂತ ಖಚಿತ ಮಾಡಿಕೊಂಡು ತೆರೆಯುತ್ತೇವೆ ಅಂದರೆ ಮತ್ತೆ ಅದೇ ಕಿಟಕಿ, ಅದೇ ಬಾಗಿಲು. ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ಓಡಿಸುವ ಡಾಕರ್‌ನ ಫೈಲ್ ಕಾಪಿ ಮಾಡುವ ಆದೇಶದಲ್ಲಿ 2019ರಲ್ಲಿ ಬಯಲಾದ ದೋಷ ಇದೇ ಜಾತಿಯದು. ದಾರಿ ಕಂಟೇನರ್ ಒಳಗೇ ಇದೆ ಅಂತ ಮೊದಲು ಬಿಡಿಸಿ ನೋಡುತ್ತಿತ್ತು, ಆಮೇಲೆ ಆ ದಾರಿಯನ್ನು ಬಳಸುತ್ತಿತ್ತು. ನಡುವೆ ಕಂಟೇನರ್ ಒಳಗಿನವರು ಸಿಮ್‌ಲಿಂಕ್ ಬದಲಿಸಿದರೆ ಹೊರಗಿನ ಮಷೀನ್‌ನ ಫೈಲ್ ಕೈಗೆ ಸಿಗುತ್ತಿತ್ತು. ಅದನ್ನು ಪತ್ತೆ ಮಾಡಿದವರೂ ಸರಾಯ್ ಅವರೇ, ಹಾಗಾಗಿ ಓಪನ್‌ಅಟ್2 ಏಕೆ ಬಂತು ಅನ್ನುವುದು ಅರ್ಥವಾಗುತ್ತದೆ.

ಓಪನ್‌ಅಟ್2ರ ಮೂರನೇ ಮನೆಯಲ್ಲಿ ‘ಈ ಡೈರೆಕ್ಟರಿಯ ಕೆಳಗೇ ಇರಬೇಕು’ ಎಂಬ ನಿಯಮ ಇದೆ. ದಾರಿ ನಡೆಯುವಾಗ ಪ್ರತಿ ಹೆಜ್ಜೆಗೂ ಕರ್ನಲ್ ಅದನ್ನು ನೋಡಿಕೊಳ್ಳುತ್ತದೆ. ‘..’ ಮೂಲಕ ಮೇಲೆ ಹೋಗಲು ನೋಡಿದರೆ, ಸಿಮ್‌ಲಿಂಕ್ ಹೊರಗೆ ಒಯ್ದರೆ, ದಾರಿ ‘/’ ಇಂದ ಶುರುವಾದರೆ, ಅಲ್ಲೇ ಈಎಕ್ಸ್‌ಡೆವ್ ಎರರ್. ಒಳಗೇ ಇಳಿದು ಒಳಗೇ ಏರುವ ‘..’ ಗೆ ತಡೆ ಇಲ್ಲ. ಇಷ್ಟಾದರೂ ಒಂದು ಸೂಕ್ಷ್ಮ ಉಳಿಯುತ್ತದೆ. ನೀವು ‘..’ ಹತ್ತುತ್ತಿರುವಾಗಲೇ ಯಾರಾದರೂ ಆ ಫೋಲ್ಡರನ್ನು ಬೇರೆ ಕಡೆ ಸರಿಸಿದರೆ? ಕರ್ನಲ್‌ಗೆ ಆ ಹೊತ್ತಿನಲ್ಲಿ ಎಲ್ಲೋ ಹೆಸರು ಬದಲಾಗಿದೆ ಅಂತ ಗೊತ್ತಾದರೆ, ಖಾತ್ರಿ ಕೊಡಲಾರೆ ಅಂತ ಈಅಗೇನ್ ಕೊಡುತ್ತದೆ, ಪ್ರೋಗ್ರಾಂ ಮತ್ತೆ ಕೇಳಬೇಕು. ನಿಮ್ಮ ಸಣ್ಣ ಕರ್ನಲ್‌ಗೆ ನನ್ನ ಸಲಹೆ ಇನ್ನೂ ಸೋಮಾರಿತನದ್ದು: ಈ ನಿಯಮ ಹಾಕಿದಾಗ ‘..’ ಅನ್ನೇ ಒಪ್ಪಬೇಡಿ, ಸಿಮ್‌ಲಿಂಕನ್ನೂ ಒಪ್ಪಬೇಡಿ. ಬಿಲ್ ತೆರೆಯಲು ಅವೆರಡೂ ಬೇಕಿಲ್ಲ. ಮುಂದೆ ಬೇಕಾದರೆ ಸಡಿಲ ಮಾಡಬಹುದು. ಸಡಿಲ ಇದ್ದದ್ದನ್ನು ಬಿಗಿ ಮಾಡುವುದು ಎಷ್ಟು ಕಷ್ಟ ಅಂತ ಆಗಲೇ ನೋಡಿದಿರಿ.

ಅಂಗಡಿಯ ಗುಮಾಸ್ತ ಲಾಗಿನ್ ಆದಾಗ ಅವನ ಪ್ರೋಸೆಸ್‌ಗೆ ಅಂಗಡಿ ಫೋಲ್ಡರ್‌ನ ಹ್ಯಾಂಡಲ್ ಒಂದನ್ನೇ ಕೊಡಿ. ತೆರೆಯುವ ಕಾಲ್‌ಗೆ ಯಾವಾಗಲೂ ಒಂದು ಡೈರೆಕ್ಟರಿ ಹ್ಯಾಂಡಲ್ ಬೇಕೇ ಬೇಕು ಅಂತ ಮಾಡಿ. ‘ಈಗಿರುವ ಡೈರೆಕ್ಟರಿ’ ಎಂಬುದು ಇಡೀ ಪ್ರೋಸೆಸ್‌ಗೆ ಒಂದೇ, ಅದರೊಳಗೆ ಒಟ್ಟಿಗೆ ಓಡುವ ಎಳೆಗಳಲ್ಲಿ (ಥ್ರೆಡ್) ಒಂದು ಅದನ್ನು ಬದಲಿಸಿದರೆ ಉಳಿದವೂ ಬೇರೆ ಕಡೆ ಹೋಗುತ್ತವೆ. ಅದನ್ನು ಕರ್ನಲ್‌ನಲ್ಲಿ ಇಡಲೇಬೇಡಿ, ಬೇಕಾದವರು ತಮ್ಮ ಲೈಬ್ರರಿಯಲ್ಲಿ ಇಟ್ಟುಕೊಳ್ಳಲಿ.

ಕರ್ನಲ್ ಒಳಗಿನ ಕ್ರಮದ ಬಗ್ಗೆ ಎರಡು ಮಾತು. ಸ್ಟ್ರಕ್ಟ್ ಮತ್ತು ದಾರಿಯ ಹೆಸರನ್ನು ಬಳಕೆದಾರನ ಮೆಮೊರಿಯಿಂದ ಒಂದೇ ಸಲ ಕಾಪಿ ಮಾಡಿಕೊಳ್ಳಿ. ಮತ್ತೆ ಅತ್ತ ಕಡೆ ನೋಡಲೇಬಾರದು, ಇನ್ನೊಂದು ಥ್ರೆಡ್ ಅದನ್ನು ಬದಲಿಸುತ್ತಿರಬಹುದು. ಲಿನಕ್ಸ್ ದಾರಿಯ ಉದ್ದಕ್ಕೆ 4096 ಬೈಟ್ ಮಿತಿ ಇಟ್ಟಿದೆ, ನಿಮಗೆ ಇನ್ನೂ ಕಡಿಮೆ ಸಾಕು. ಆಮೇಲೆ ಎಲ್ಲ ಬಿಟ್‌ಗಳ ಪರೀಕ್ಷೆ. ಅದಾದ ಮೇಲೆ, ದಾರಿ ನಡೆಯುವ ಮೊದಲೇ, ಡಿಸ್ಕ್ರಿಪ್ಟರ್ ಸಂಖ್ಯೆ ಒಂದನ್ನು ಕಾದಿರಿಸಿ. ಇದನ್ನು ಕೊನೆಗೆ ಇಟ್ಟರೆ, ಬಿಲ್ ಡಿಸ್ಕ್‌ನಲ್ಲಿ ಹುಟ್ಟಿಯಾದ ಮೇಲೆ ‘ನಿಮ್ಮ ಟೇಬಲ್ ತುಂಬಿದೆ’ ಅಂತ ಎರರ್ ಬರುತ್ತದೆ. ಖಾಲಿ ಬಿಲ್ ಅಲ್ಲೇ ಉಳಿಯುತ್ತದೆ. ಅದನ್ನು ಅಳಿಸೋಣ ಅಂದರೆ ಅಷ್ಟರಲ್ಲಿ ಬೇರೆಯವರು ತೆರೆದಿರಬಹುದು. ಆದರೆ ಸಂಖ್ಯೆಯಲ್ಲಿ ಫೈಲನ್ನು ಕೂರಿಸುವುದು ಎಲ್ಲಕ್ಕಿಂತ ಕೊನೆಗೆ. ಕೂರಿಸಿದ ಕ್ಷಣದಿಂದ ಬೇರೆ ಥ್ರೆಡ್‌ಗಳು ಅದನ್ನು ಬಳಸಬಹುದು, ಮುಚ್ಚಲೂಬಹುದು. ಹಾಗೆಯೇ ಇದ್ದ ಫೈಲನ್ನು ಖಾಲಿ ಮಾಡುವುದು ಅನುಮತಿ ಪರೀಕ್ಷೆ ಎಲ್ಲ ಮುಗಿದ ಮೇಲೆ. ಸೋಲುವ ಓಪನ್ ಯಾವತ್ತೂ ಹಳೆಯ ಡೇಟಾ ಅಳಿಸಬಾರದು.

ಇನ್ನು ಬೇರೆ ಪ್ರೋಗ್ರಾಂಗೆ ಡಿಸ್ಕ್ರಿಪ್ಟರ್ ದಾಟುವುದು. ದಾಟದಿರುವುದೇ ಮಾಮೂಲಿ ಆಗಿರಲಿ, ದಾಟಿಸಬೇಕಾದರೆ ಕೇಳಿ ಹಾಕಿಸಿಕೊಳ್ಳಲಿ. ಪೈಥಾನ್ 3.4ರಿಂದ ಹೀಗೇ ಮಾಡಿದೆ. ಎನ್‌ಟಿಯಲ್ಲಿರುವ ‘ನಾನು ತೆರೆದಿರುವಾಗ ಬೇರೆಯವರು ತೆರೆಯಬಾರದು’ ಎಂಬ ಹಂಚಿಕೆ ನಿಯಮ ನಿಮಗೆ ಬೇಡ. ‘ಫೈಲ್ ಬಳಕೆಯಲ್ಲಿದೆ, ಅಳಿಸಲಾಗದು’ ಎಂಬ ವಿಂಡೋಸ್ ಸಂದೇಶ ಬರುವುದು ಅಲ್ಲಿಂದಲೇ. ಸೆಮಿಸ್ಟರ್ ಮುಗಿಯುವುದರೊಳಗೆ ಅದನ್ನು ಸರಿಯಾಗಿ ಮಾಡಲಾಗುವುದಿಲ್ಲ.

ಒಟ್ಟು ಎರಡು ಕಾಲ್ ಉಳಿಯುತ್ತವೆ: ಡೈರೆಕ್ಟರಿಯ ಹ್ಯಾಂಡಲ್ ಕೊಡುವ ‘ಹುಡುಕು’, ಮತ್ತು ಹ್ಯಾಂಡಲ್, ಹೆಸರು, ಸ್ಟ್ರಕ್ಟ್, ಅದರ ಅಳತೆ ತೆಗೆದುಕೊಳ್ಳುವ ‘ತೆರೆ’. ಮೇಡಂ ಮುಂದೆ ಹೋಗುವ ಮೊದಲು ಮೂರು ಪರೀಕ್ಷೆ ಬರೆದುಕೊಳ್ಳಿ. ಎರಡು ಪ್ರೋಸೆಸ್ ಒಂದೇ ಬಿಲ್‌ಗೆ ‘ಹೊಸದು ಮಾತ್ರ’ ಅಂತ ಲಕ್ಷ ಸಲ ಹೊಡೆದಾಡಲಿ, ಪ್ರತಿ ಸಲ ಒಬ್ಬರೇ ಗೆಲ್ಲಬೇಕು. 0444 ಬಿಲ್ ಮಾಡಿದ ಕಾಲ್‌ನಿಂದಲೇ ಬರೆಯಲು ಆಗಬೇಕು, ಎರಡನೇ ಸಲ ಬರೆಯಲು ತೆರೆದರೆ ಸೋಲಬೇಕು. ಸ್ಟ್ರಕ್ಟ್‌ನ ಫ್ಲ್ಯಾಗ್ ಮನೆಯ 64 ಬಿಟ್‌ಗಳಲ್ಲಿ ನೀವು ಅರ್ಥ ಕೊಡದ ಒಂದೊಂದನ್ನೂ ಹಾಕಿ ನೋಡಿ, ಎಲ್ಲಕ್ಕೂ ಈಇನ್ವಾಲ್ ಬರಬೇಕು. ಮೊದಲನೆಯದನ್ನು ಎರಡು ಸಿಪಿಯು ಕೊಟ್ಟ ಕ್ಯೂಎಮು ಎಂಬ ಹುಸಿ ಮಷೀನ್‌ನಲ್ಲಿ ಓಡಿಸಿ, ಒಂದೇ ಸಿಪಿಯು ಇದ್ದರೆ ತಪ್ಪಿರುವ ಕೋಡ್ ಕೂಡ ಪಾಸಾಗಿಬಿಡಬಹುದು.